ಟ್ರಾವೆಲ್ಸ್ ಕಲಿಯೋಕೆ ಅಮೆರಿಕದ ಕಾಲೇಜು

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಿನ್ನ ನಗು ಮುಗಿಯುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಲವತ್ತಾರನೇ ವಯಸ್ಸಿಗೆ ಮತ್ತೆ ಕಾಲೇಜಿಗೆ ಸೇರಿದ್ದೇನೆ ಮಾರಾಯ. ಓದುತ್ತಿರುವುದು ಏನು ಗೊತ್ತಾ? ಟ್ರಾವೆಲ್ ಅಂಡ್ ಟೂರಿಸಂ.

ಈಗ ನಗು.

ನೀನು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್ ತಗೊಂಡು ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡು ಹಾಕಿದ ದಿನ ನಾನು ಏನಂದಿದ್ದೆ ನೆನಪಿದೆಯಾ? 'ಗಾಡಿ ಬಾಡಿಗೆಗೆ ಬಿಡೋಕೆ ಬಿಕಾಂ ಮಾಡಬೇಕಿತ್ತಾ' ಅಂತ. ನೀನು ಚಹಾ ಕುಡಿಯುತ್ತಾ ಸುಮ್ಮನಿದ್ದೆ. ಈಗ ನಾನು ಅದನ್ನೇ ಕಲಿಯೋಕೆ ವಾರಕ್ಕೆ ಎರಡು ಸಂಜೆ ಲಾಸ್ ಏಂಜಲಿಸ್ ಟ್ರಾಫಿಕ್ಕಿನಲ್ಲಿ ಕೂತು ಹೋಗುತ್ತೇನೆ.

ಕೆಲಸ ಹೋದದ್ದು ನಿನಗೆ ಗೊತ್ತೇ ಇದೆ, ಆ ಕತೆ ಬೇಡ. ಇಲ್ಲಿ ಕಮ್ಯುನಿಟಿ ಕಾಲೇಜು ಅಂತ ಇರುತ್ತವೆ. ನಮ್ಮ ಕಡೆಯ ಪಾಲಿಟೆಕ್ನಿಕ್ಕು, ಸಂಜೆ ಕಾಲೇಜು ಎರಡನ್ನೂ ಕಲಸಿದ ಹಾಗೆ. ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಪಿಯುಸಿಯಲ್ಲಿ ಎಷ್ಟು ಬಂತು ಅಂತ ಯಾರೂ ಕೇಳಲ್ಲ. ಈ ರಾಜ್ಯದಲ್ಲಿ ಒಂದು ವರ್ಷದ ಮೇಲೊಂದು ದಿನ ವಾಸವಾಗಿದ್ದರೆ ಫೀಸು ಯೂನಿಟ್ಟಿಗೆ 46 ಡಾಲರ್. ಯೂನಿಟ್ ಅಂದರೆ ಕೋರ್ಸು ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ. ಮೂರು ಯೂನಿಟ್ಟಿನ ಸಬ್ಜೆಕ್ಟಿಗೆ 138. ಹೊರಗಿನಿಂದ ಬಂದವರಿಗೆ ಮಾತ್ರ ಇದರ ಎಷ್ಟೋ ಪಟ್ಟು. ನನ್ನ ಪಕ್ಕದ ಸೀಟಿನಲ್ಲಿ ರಿಟೈರ್ ಆದ ಪೋಸ್ಟ್‌ಮ್ಯಾನ್ ಒಬ್ಬರು ಕೂರುತ್ತಾರೆ. ಅವರ ಪಕ್ಕ ಏರ್‌ಪೋರ್ಟಿನಲ್ಲಿ ಕಾಫಿ ಮಾರುವ ಹತ್ತೊಂಬತ್ತರ ಹುಡುಗಿ. ಕ್ಲಾಸಿನಲ್ಲಿ ನಾನು ಮುದುಕನೂ ಅಲ್ಲ, ಹುಡುಗನೂ ಅಲ್ಲ.

ಟಿಕೆಟ್ ಬುಕಿಂಗ್ ಅಂದರೆ ಮೊಬೈಲಿನಲ್ಲಿ ಮಾಡುವ ಹಾಗೆ ಚಿತ್ರ, ಬಟನ್ನು ಇರುತ್ತದೆ ಅಂದುಕೊಂಡು ಹೋಗಿದ್ದೆ. ಮೇಡಂ ಕಂಪ್ಯೂಟರ್ ತೆರೆದರೆ ಬರೀ ಅಕ್ಷರ. ಸೇಬರ್ ಅಂತ ಅದರ ಹೆಸರು. ಮೊದಲು 1 ಒತ್ತಬೇಕು, ಆಮೇಲೆ ತಾರೀಖು, ಹೊರಡುವ ಊರಿನ ಮೂರಕ್ಷರ, ತಲುಪುವ ಊರಿನ ಮೂರಕ್ಷರ, ಎಂಟರ್. ವಿಮಾನಗಳ ಪಟ್ಟಿ ಉದ್ದಕ್ಕೆ ಬಂದು ನಿಲ್ಲುತ್ತದೆ. 0 ಒತ್ತಿ, ಎಷ್ಟು ಸೀಟು, ಯಾವ ಕ್ಲಾಸು, ಪಟ್ಟಿಯ ಎಷ್ಟನೇ ಸಾಲು ಅಂತ ಹೊಡೆದರೆ ಸೀಟು ನಿನ್ನದು. ಮೇಡಂ ಮೂವತ್ತು ವರ್ಷ ಕೌಂಟರಿನಲ್ಲಿ ಕೂತವರು. ಅವರು ಟೈಪ್ ಮಾಡುವುದು ನೋಡಿದರೆ ನಮ್ಮ ಕಡೆ ಹೆಂಗಸರು ಅಡಿಕೆ ಸುಲಿಯುವುದು ನೆನಪಾಗುತ್ತದೆ. ಕೈ ಒಂದು ಕಡೆ, ಮಾತು ಇನ್ನೊಂದು ಕಡೆ.

ಮೂರಕ್ಷರದ ಕೋಡುಗಳನ್ನು ಬಾಯಿಪಾಠ ಮಾಡಬೇಕು. ಬೆಂಗಳೂರಿಗೆ ಬಿಎಲ್‌ಆರ್, ಅದು ಸುಲಭ. ಷಿಕಾಗೋದ ದೊಡ್ಡ ನಿಲ್ದಾಣಕ್ಕೆ ಓಆರ್‌ಡಿ. ಯಾಕೆ ಅಂದರೆ ಮೊದಲು ಆ ಜಾಗದ ಹೆಸರು ಆರ್ಚರ್ಡ್ ಫೀಲ್ಡ್ ಅಂತ ಇತ್ತು. ನಮ್ಮ ಶಿವಮೊಗ್ಗಕ್ಕೆ ಏನು ಹೇಳು ನೋಡೋಣ. ಆರ್‌ಕ್ಯೂವೈ! ನಮ್ಮೂರಿನ ಒಂದಕ್ಷರವೂ ಅದರಲ್ಲಿ ಇಲ್ಲ.

ಈ ಸೇಬರ್ ಹುಟ್ಟಿದ ಕತೆ ಚೆನ್ನಾಗಿದೆ. 1953ರಲ್ಲಿ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿಗೆ ಹೋಗುವ ವಿಮಾನದಲ್ಲಿ ಇಬ್ಬರು ಅಕ್ಕಪಕ್ಕ ಕೂತಿದ್ದರಂತೆ. ಒಬ್ಬ ಅಮೆರಿಕನ್ ಏರ್‌ಲೈನ್ಸಿನ ಮುಖ್ಯಸ್ಥ, ಇನ್ನೊಬ್ಬ ಕಂಪ್ಯೂಟರ್ ಕಂಪನಿ ಐಬಿಎಂನ ಸೇಲ್ಸ್‌ಮನ್. ಇಬ್ಬರ ಸರ್‌ನೇಮೂ ಸ್ಮಿತ್. ಅದೇ ನೆಪದಲ್ಲಿ ಮಾತು ಶುರುವಾಯಿತು, ಆ ಮಾತಿನಿಂದ ಈ ಮೆಷಿನ್ನು. ಸ್ಮಿತ್‌ಗಳು ಕಟ್ಟಿದ್ದು ನೋಡು, ಸರ್‌ನೇಮ್ ಇಲ್ಲದ ಮನುಷ್ಯ ಇರುತ್ತಾನೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಹೆಸರು ಹಾಕುವ ಪಾಠ ಬಂದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಒಂದು ಅಡ್ಡಗೆರೆ, ಸರ್‌ನೇಮ್, ಒಂದು ಓರೆಗೆರೆ, ಹೆಸರು. ಅಷ್ಟೇ. ಟಿಕೆಟ್ ಆದ ಮೇಲೆ ಹೆಸರು ಬದಲಾಯಿಸುವುದು ಅಂದರೆ ಹೆಚ್ಚಿನ ಏರ್‌ಲೈನುಗಳಲ್ಲಿ ಆಗದ ಮಾತು. ಪಾಸ್‌ಪೋರ್ಟು ಮಾಡಿಸುವಾಗ ನಾನು ಇನಿಷಿಯಲ್ ಬಿಡಿಸಿ ಊರನ್ನೇ ಸರ್‌ನೇಮ್ ಮಾಡಿಕೊಂಡಿದ್ದೆ. ಹಾಗಾಗಿ ಇಲ್ಲಿ ನಾನು ಮಿಸ್ಟರ್ ಸಾಗರ. ಅಮ್ಮನದು ಹಾಗಲ್ಲ. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ. ಅಮೆರಿಕದ ವೀಸಾ ಬಂದಾಗ ಅವಳ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಕೂತಿತ್ತು. ಫಸ್ಟ್ ನೇಮ್ ಅನ್‌ನೋನ್. ಹೆಸರು ಗೊತ್ತಿಲ್ಲ ಅಂತ! ಎಪ್ಪತ್ತು ವರ್ಷ ಊರೆಲ್ಲ ಕರೆದ ಹೆಸರು.

ಆ ಟಿಕೆಟ್ ಬುಕ್ ಮಾಡಿದ್ದು ನಾನೇ, ರಾತ್ರಿ ಎರಡು ಗಂಟೆಗೆ. ಸರ್‌ನೇಮ್ ಹಾಕದೆ ಮುಂದಕ್ಕೆ ಬಿಡಲಿಲ್ಲ. ತಾಯಿಗೂ ಮಗನಿಗೂ ಒಂದೇ ಇರಲಿ ಅಂತ 'ಸಾಗರ' ಅಂತ ತುಂಬಿದೆ. ಆಮೇಲೆ ಏನಾಯಿತು ಅಂತ ನನಗಿಂತ ಚೆನ್ನಾಗಿ ನಿನಗೆ ಗೊತ್ತು. ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದವನು ನೀನು. ಕೌಂಟರಿನಲ್ಲಿ ಟಿಕೆಟ್ಟಿನ ಹೆಸರು ಬೇರೆ, ಪಾಸ್‌ಪೋರ್ಟಿನದು ಬೇರೆ ಅಂದರು. ವಿಮಾನ ಹೋಯಿತು. ನೀನು ಅಮ್ಮನನ್ನು ಬಿಟ್ಟು ಬರಲಿಲ್ಲ. ಅವಳಿಗೆ ಇಡ್ಲಿ ತಿನ್ನಿಸಿ, ರೂಮು ಮಾಡಿಸಿ, ನಾನು ಹೊಸ ಟಿಕೆಟ್ ಕಳಿಸುವವರೆಗೆ ಎರಡು ದಿನ ಗಾಡಿ ನಿಲ್ಲಿಸಿಕೊಂಡಿದ್ದೆ. ನಾನು ಫೋನಿನಲ್ಲಿ ಏರ್‌ಲೈನಿನವರನ್ನು ಬೈದದ್ದೇ ಬೈದದ್ದು. ತಪ್ಪು ನನ್ನದು ಕಣೋ. ನಿನ್ನ ಹತ್ತಿರ ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ.

ಸರ್‌ನೇಮ್ ಇಲ್ಲದವರ ಟಿಕೆಟ್ಟಿಗೆ ಹೆಸರು ಹೇಗೆ ಹಾಕಬೇಕು ಅನ್ನುವುದಕ್ಕೆ ಒಂದೊಂದು ಏರ್‌ಲೈನಿನದು ಒಂದೊಂದು ಪದ್ಧತಿ. ಕೆಲವರು ಎಫ್‌ಎನ್‌ಯು ಹಾಕು ಅನ್ನುತ್ತಾರೆ, ಕೆಲವರು ಹೆಸರನ್ನೇ ಎರಡು ಸಲ ಬರೆ ಅನ್ನುತ್ತಾರೆ. ಕೇಳಿಯೇ ಮಾಡಬೇಕು. 2022ರ ನವೆಂಬರಿನಲ್ಲಂತೂ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಟೂರಿಸ್ಟ್ ವೀಸಾ ಕೊಡುವುದಿಲ್ಲ ಅಂತ ದುಬೈ ಕಡೆಯವರು ಹೇಳಿಬಿಟ್ಟರು. ಇದನ್ನೆಲ್ಲ ಮೇಡಂಗೆ ನಾನೇ ವಿವರಿಸಿದೆ. ಬೋರ್ಡಿನ ಮೇಲೆ 'ಎಚ್. ಎಸ್.' ಅಂತ ಬರೆದು, ಒಂದು ಊರು, ಇನ್ನೊಂದು ಅಪ್ಪ ಅಂದೆ. ಕಾಫಿ ಹುಡುಗಿ ಕೇಳಿದಳು, 'ಹಾಗಾದರೆ ನಿಮ್ಮ ಮನೆತನದ ಹೆಸರು ಎಲ್ಲಿ?' ಏನು ಹೇಳಲಿ ಹೇಳು.

ದುಡ್ಡಿನ ವಿಷಯ ಕೇಳುತ್ತೀಯ ಅಂತ ಗೊತ್ತು. ಏರ್ ಟಿಕೆಟ್ಟಿನಲ್ಲಿ ಏನೂ ಇಲ್ಲ. ಹಿಂದೆ ಏಜೆಂಟರಿಗೆ ನೂರಕ್ಕೆ ಹತ್ತು ಕಮಿಷನ್ ಸಿಗುತ್ತಿತ್ತು. 1995ರಲ್ಲಿ ಡೆಲ್ಟಾ ಏರ್‌ಲೈನ್ಸಿನವರು ದೇಶದೊಳಗೆ ಹೋಗಿಬರುವ ಟಿಕೆಟ್ಟಿಗೆ 50 ಡಾಲರಿಗಿಂತ ಜಾಸ್ತಿ ಕೊಡಲ್ಲ ಅಂದರು, ಬೇರೆಯವರೂ ಅದೇ ದಾರಿ ಹಿಡಿದರು. 2002ಕ್ಕೆ ಅದೂ ಹೋಯಿತು. ಈಗ ಬದುಕು ಕ್ರೂಸ್ ಮೇಲೆ, ಗುಂಪು ಪ್ರವಾಸದ ಮೇಲೆ, ನಾವೇ ಹಾಕುವ ಸರ್ವಿಸ್ ಚಾರ್ಜ್ ಮೇಲೆ. ಪ್ರವಾಸ ಮಾರೋಕೂ ಈ ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿ, ಜಾಹೀರಾತಿನಲ್ಲೆಲ್ಲ ಆ ನಂಬರ್ ಹಾಕಬೇಕು.

ಈ ಪತ್ರಕ್ಕೆ ನಿಜವಾದ ಕಾರಣ ಬೇರೆ. ಕೊನೆಯ ಪ್ರಾಜೆಕ್ಟಿಗೆ ಐದು ದಿನದ ಪ್ರವಾಸ ಬರೆದುಕೊಡಬೇಕು. ಎಲ್ಲರೂ ಪ್ಯಾರಿಸ್, ಹವಾಯಿ ಅಂದರು. ನಾನು ಸಾಗರ ಅಂದೆ. ಇಕ್ಕೇರಿ, ಕೆಳದಿ, ಜೋಗ, ಸಿಗಂದೂರು. ಎರಡನೇ ದಿನದ ಹಾಳೆಯಲ್ಲಿ ಜೋಗದ ಎತ್ತರ 253 ಮೀಟರ್ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಮೇಡಂ ಅದನ್ನು ನೋಡಲೇ ಇಲ್ಲ. 'ಏಪ್ರಿಲ್ ಅಂತ ಹಾಕಿದ್ದೀಯ. ಏಪ್ರಿಲ್‌ನಲ್ಲಿ ಅಲ್ಲಿ ನೀರು ಇರುತ್ತದಾ?' ಅಂತ ಕೇಳಿದರು.

ನನ್ನ ಮುಖ ನೋಡಬೇಕಿತ್ತು ನೀನು. ಜೋಗಕ್ಕೆ ಬರುವ ನೀರನ್ನು ಮೇಲೆಯೇ ತಡೆದಿಡುವ ಲಿಂಗನಮಕ್ಕಿ ಡ್ಯಾಮಿನ ಪಕ್ಕದಲ್ಲೇ ಬೆಳೆದವನು ನಾನು. ಇಲ್ಲಿನ ಸ್ಕೂಲುಗಳಿಗೆ ರಜೆ ಅಂತ ಏಪ್ರಿಲ್ ಹಾಕಿದ್ದೆ, ಅಷ್ಟೇ. ಆಮೇಲೆ ಇನ್ನೊಂದು ಪ್ರಶ್ನೆ. ಮೊಣಕಾಲು ನೋವಿರುವ ಅಜ್ಜಿ ಇದ್ದರೆ ಉಳಿದವರು ಜೋಗದ ಮೆಟ್ಟಿಲು ಇಳಿಯುವ ಹೊತ್ತಿನಲ್ಲಿ ಅವಳು ಎಲ್ಲಿ ಕೂರುತ್ತಾಳೆ? ಕೊನೆಯದು, ಊರು ಬಿಟ್ಟ ಮೇಲೆ ಮೊದಲ ಬಾತ್‌ರೂಮ್ ಎಲ್ಲಿ?

ಆಗ ನೀನು ನೆನಪಾದೆ. ನನ್ನ ಆಫೀಸಿನವರನ್ನು ಕರೆದುಕೊಂಡು ಬಂದಾಗ ದಾರಿಯಲ್ಲಿ ಒಂದು ಹೆಂಚಿನ ಮನೆ ಮುಂದೆ ನಿಲ್ಲಿಸಿ, 'ಹೆಣ್ಣುಮಕ್ಕಳು ಇಲ್ಲಿ ಹೋಗಿಬನ್ನಿ' ಅಂದಿದ್ದೆ. ಆ ಮನೆಯಮ್ಮ ಬಕೆಟ್ಟಿನಲ್ಲಿ ನೀರು ತುಂಬಿಸಿಟ್ಟು ಕಾಯುತ್ತಿದ್ದಳು. ಅಡಿಕೆ ಕೊಯ್ಲಿನ ಹೊತ್ತಿಗೆ ಅವರಿಗೆ ನೀನು ಬಾಡಿಗೆ ಇಲ್ಲದೆ ಗಾಡಿ ಕೊಡುತ್ತೀಯ ಅಂತ ಆಮೇಲೆ ಯಾರೋ ಹೇಳಿದರು. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೇ ಒಂದು ಇಡೀ ಅಧ್ಯಾಯ ಇದೆ ಮಾರಾಯ, ಬಾಣದ ಗುರುತಿನ ಚಿತ್ರಗಳ ಸಮೇತ.

ಹಾಗಾಗಿ ಕೆಲವು ವಿಷಯ ಬೇಕು. ಆ ಹೆಂಚಿನ ಮನೆಯವರು ಈಗಲೂ ಅಲ್ಲೇ ಇದ್ದಾರಾ? ಜೋರು ಮಳೆಯಲ್ಲಿ ತಾಳಗುಪ್ಪ ಸ್ಟೇಷನ್ನಿನಿಂದ ಜೋಗಕ್ಕೆ ನಿನ್ನ ಗಾಡಿಗೆ ಎಷ್ಟು ನಿಮಿಷ? 2025ರಲ್ಲಿ ಸಿಗಂದೂರಿನ ಸೇತುವೆ ಆಯಿತಲ್ಲ, ಲಾಂಚಿನಲ್ಲಿ ಹೋಗೋಣ ಅಂತ ಯಾರಾದರೂ ಈಗಲೂ ಕೇಳುತ್ತಾರಾ? ಮೊಣಕಾಲಿನ ಅಜ್ಜಿಯರನ್ನು ನೀನು ಎಲ್ಲಿ ಕೂರಿಸುತ್ತೀಯ?

ಭಾನುವಾರ ನಿನ್ನ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಪೆನ್ನು ಹಿಡಿದುಕೊಂಡೇ ಕೂತಿರುತ್ತೇನೆ. ಹಾಗೇ ನಿನ್ನ ಪಾಸ್‌ಪೋರ್ಟು ತೆಗೆದು ಸರ್‌ನೇಮ್ ಖಾನೆ ಖಾಲಿ ಇದೆಯಾ ನೋಡಿಡು. ನೀನು ಇಲ್ಲಿಗೆ ಬರುವ ಟಿಕೆಟ್ ನಾನೇ ಮಾಡುತ್ತೇನೆ, ಈ ಸಲ ಸರಿಯಾಗಿ.

ನಿನ್ನ,
ಮಿಸ್ಟರ್ ಸಾಗರ