ರವಿವಾರ ಸೇರೋಣ, ಸೀಮಾಸ್ಟರ್ ವಾಚು ಬರುತ್ತಿದೆ

ಎಲ್ಲರಿಗೂ ನಮಸ್ಕಾರ್ರೀ.

ಈ ರವಿವಾರ ಬೆಳಿಗ್ಗೆ 10ಕ್ಕೆ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿ ಸೇರೋಣ. ಧಾರವಾಡದವರು ಚಿಗರಿ ಬಸ್ಸಿಗೆ ಬನ್ನಿ, ಗಾಡಿ ನಿಲ್ಲಿಸಲು ಜಾಗ ಕಡಿಮೆ.

ನಮ್ಮ ಭಾವ ನೀರಿನಾಳಕ್ಕೆ ಇಳಿಯುವವರ ವಾಚು ಒಮೆಗಾ ಸೀಮಾಸ್ಟರ್ ಡೈವರ್ 300ಎಂ ತರುತ್ತಿದ್ದಾರೆ. ಹೌದು, ಫೋಟೊ ನೋಡಿ ಇದೇ ಗುಂಪಿನಲ್ಲಿ ನಾನು ಆಡಿಕೊಂಡಿದ್ದ ಅದೇ ವಾಚು. ಡಯಲ್‌ನ 10ರ ಪಕ್ಕ ಎದ್ದಿರುವ ಹೀಲಿಯಂ ವಾಲ್ವನ್ನು (ಒಳಗೆ ಸೇರಿದ ಹೀಲಿಯಂ ಅನಿಲ ಹೊರಬಿಡುವ ಗುಂಡಿ) ನರೂಲಿ ಅಂದಿದ್ದೆ, ನೆನಪಿದೆ ಅಲ್ವಾ? ಹೋದ ವಾರ ಕೈಗೆ ಕಟ್ಟಿ ನೋಡಿದೆ. ಮಾತು ವಾಪಸ್ ತಗೊಂಡೆ. ಫೋಟೊದಲ್ಲಿ ಡಯಲ್ ಮೇಲಿನ ಅಲೆಗಳು ಜಾಸ್ತಿ ಆಯಿತು ಅನಿಸಿತ್ತು. ಕಿಟಕಿ ಬಿಸಿಲಿಗೆ ಕೈ ಸ್ವಲ್ಪ ಹೊರಳಿಸಿದರೆ ಮಿಂಚಿ ಮಾಯವಾಗುತ್ತವೆ. 42 ಮಿಮೀ ಅಗಲ ಇದ್ದರೂ ನನ್ನ ಸಣ್ಣ ಕೈಗೆ ಒಗ್ಗಿತು. ಬೆಜೆಲ್ (ಡಯಲ್ ಸುತ್ತ ತಿರುಗುವ ಬಳೆ) ಹಿಡಿತ ಮಾತ್ರ ಈಗಲೂ ಸೇರಿಲ್ಲ, ಬೆರಳು ಜಾರುತ್ತದೆ.

ಆ ಬೆಜೆಲ್ ಎಡಕ್ಕೆ ಮಾತ್ರ ತಿರುಗುತ್ತದೆ, ಬಲಕ್ಕೆ ಒತ್ತಬೇಡಿ. ಕ್ರೌನ್ (ಟೈಮ್ ತಿದ್ದುವ ಪಕ್ಕದ ತಿರುಪು) ಬಿಚ್ಚಬೇಡಿ. ಉಂಗುರ, ಕಡಗ ತೆಗೆದಿಟ್ಟು ಮುಟ್ಟಿ. ಗಿರ್ಮಿಟ್, ಮಿರ್ಚಿ ವಾಚು ನೋಡಿದ ಮೇಲೇ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. 300 ಮೀಟರ್ ಆಳದ ನೀರು ತಡೆಯುತ್ತದಲ್ಲ, ಬಕೆಟ್‌ನಲ್ಲಿ ಅದ್ದಿ ನೋಡೋಣ ಅನ್ನುವವರು ಸುಮ್ನೆ ಮನೆಯಲ್ಲೇ ಇರಿ.