ಮೊದಲ ಆಲ್ಬಂ ಮುಗಿಯಿತು, ಕಿವಿ ಕೊಟ್ಟವರಿಗೆಲ್ಲ ನಮಸ್ಕಾರ

ಒಂಬತ್ತು ಹಾಡುಗಳ ನಮ್ಮ ಮೊದಲ ಆಲ್ಬಂ ಕಳೆದ ವಾರ ಕೈಸೇರಿತು. ಅಕ್ಕನ ಹಾಡು ಮತ್ತು ಪಿಟೀಲು, ತಮ್ಮನ ಬ್ಯಾಂಜೊ (ಡೋಲಿನಂಥ ಒಡಲಿನ ತಂತಿವಾದ್ಯ) ಮತ್ತು ಎರಡನೇ ದನಿ, ಜೊತೆಗೆ ಗೆಳೆಯರ ಮ್ಯಾಂಡೊಲಿನ್, ಗಿಟಾರ್, ಡಬಲ್ ಬಾಸ್, ಕಂಜೀರ. ಅರ್ಧ ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತ, ಅರ್ಧ ನಮ್ಮ ತತ್ವಪದ ಮತ್ತು ಸೋಬಾನೆ. "ಇಲ್ಲೇನೋ ಸರಿಯಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾಕೆ ಸರಿಯಿಲ್ಲ ಎಂದೂ ತೋರಿಸಿಕೊಟ್ಟವರಿಗೆ ಈ ಬರಹ. ಯಾರು ಏನನ್ನು ಸರಿಮಾಡಿದರು ಎಂದು ಬಿಡಿಸಿ ಹೇಳಿದರೆ, ಇಂಥದ್ದೇ ಪ್ರಯತ್ನದಲ್ಲಿರುವ ಬೇರೆಯವರಿಗೂ ಉಪಯೋಗವಾದೀತು.

ಮೊದಲ ನಮಸ್ಕಾರ ಮೈಸೂರಿನ ಪಿಟೀಲು ಮೇಷ್ಟ್ರಿಗೆ. ಬ್ಲೂಗ್ರಾಸ್ ಪಿಟೀಲಿನ ತಂತಿಗಳು ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಜಿ, ಡಿ, ಎ, ಇ. ನಮ್ಮ ಪದ್ಧತಿಯಲ್ಲಿ ಸ, ಪ, ಸ, ಪ. ಎರಡಕ್ಕೂ ಬೇರೆ ಬೇರೆ ವಾದ್ಯ ಬೇಕು ಎಂದು ನಾವಂದುಕೊಂಡಿದ್ದೆವು. ಎ ತಂತಿಯನ್ನು ಜಿಗೆ, ಇ ತಂತಿಯನ್ನು ಡಿಗೆ ಇಳಿಸಿ ನೋಡಿ ಎಂದರು ಅವರು. ಆಗ ಸಿಗುವ ಜಿ, ಡಿ, ಜಿ, ಡಿ ಎಂದರೆ ಐದರ ಶ್ರುತಿಯ, ಅಂದರೆ ಜಿಯನ್ನೇ ಷಡ್ಜ ಮಾಡಿಕೊಂಡ, ಸ-ಪ-ಸ-ಪವೇ. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಹಳೆಯ ಪಿಟೀಲುಗಾರರೂ ಹೀಗೆ ತಂತಿ ಇಳಿಸಿ ನುಡಿಸುತ್ತಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. ಬ್ಯಾಂಜೊದ ಮಾಮೂಲಿ ಶ್ರುತಿಯೂ ಜಿಯೇ. ಹೆಣ್ಣುದನಿಗೆ ಒಗ್ಗುವ ಶ್ರುತಿಯೂ ಹೆಚ್ಚಾಗಿ ಅದೇ. ಇಳಿಸುವುದರಿಂದ ತಂತಿ ಹರಿಯುವ ಭಯವಿಲ್ಲ. ಆದರೆ ಬಿಗಿ ತಪ್ಪುವುದರಿಂದ ಮೊದಲ ಇಪ್ಪತ್ತು ನಿಮಿಷ ಶ್ರುತಿ ಜಾರುತ್ತಲೇ ಇರುತ್ತದೆ. ವೇದಿಕೆ ಹತ್ತುವ ಅರ್ಧ ಗಂಟೆ ಮೊದಲೇ ಇಳಿಸಿಡಬೇಕು.

ಇಲ್ಲಿ ಅಮೆರಿಕದಲ್ಲಿರುವ ಸಂಗೀತದ ಟೀಚರ್ ಒಬ್ಬರಿಗೆ ನಾವು ಎಷ್ಟು ಋಣಿಗಳು ಎಂದು ಹೇಳಲಾರೆವು. ಮೋಹನ ರಾಗದ ಐದು ಸ್ವರಗಳು, ಸ ರಿ ಗ ಪ ದ, ಬ್ಲೂಗ್ರಾಸಿನ ಎಷ್ಟೋ ಧಾಟಿಗಳಲ್ಲಿ ಹಾಗೇ ಇವೆ. ಹಾಗಾಗಿ ಎರಡೂ ಸಲೀಸಾಗಿ ಬೆರೆಯುತ್ತವೆ ಅನ್ನಿಸುತ್ತದೆ. ಆದರೆ ಮೊದಲ ರೆಕಾರ್ಡಿಂಗ್ ಕೇಳಿದ ಟೀಚರ್, "ಹಾಡೋರು ಮೋಹನದಲ್ಲಿದ್ದಾರೆ, ಗಿಟಾರ್ ಇಲ್ಲ" ಎಂದರು. ನಿಜವೇ. ಜಿ ಶ್ರುತಿಯಲ್ಲಿ ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಮೂರು ಸ್ವರಗಳ ಗುಂಪು) ಹಿಡಿದರೆ ಮಧ್ಯಮ ಬರುತ್ತದೆ, ಡಿ ಕಾರ್ಡ್ ಹಿಡಿದರೆ ನಿಷಾದ, ಎರಡೂ ಮೋಹನದಲ್ಲಿ ಇಲ್ಲದವು. ಸಿ ಇದ್ದಲ್ಲಿ ಇ ಮೈನರ್ ಹಾಕಿದೆವು, ಅದರಲ್ಲಿರುವುದು ದ, ಸ, ಗ ಮಾತ್ರ. ಡಿ ಕಾರ್ಡಿನ ನಡುವಿನ ಸ್ವರ ಬಿಟ್ಟು ಪ ಮತ್ತು ರಿ ಮಾತ್ರ ಉಳಿಸಿದೆವು. ರಾಗ ತನ್ನಿಂದ ತಾನೇ ತಿಳಿಯಾಯಿತು.

ಎರಡನೇ ದನಿಗೂ ಇದೇ ಕಷ್ಟ. ಹಾಡಿನ ಸ್ವರದಿಂದ ಕೆಳಗಿನ ಮೂರನೇ ಸ್ವರವನ್ನು ಹಿಡಿಯುತ್ತ ಹೋಗುವುದು ಒಂದು ದಾರಿ. ಹಾಗೆ ಮಾಡಿದರೆ ರಿಷಭದ ಕೆಳಗೆ ನಿಷಾದ, ಧೈವತದ ಕೆಳಗೆ ಮಧ್ಯಮ ಬಂದುಬಿಡುತ್ತವೆ. ಆ ಎರಡು ಕಡೆ ಇನ್ನೊಂದು ಮೆಟ್ಟಿಲು ಇಳಿಯಬೇಕು: ರಿಗೆ ಕೆಳಗಿನ ದ, ದಕ್ಕೆ ಗ. ಉಳಿದಂತೆ ಗಕ್ಕೆ ಸ, ಪಕ್ಕೆ ಗ, ಸಕ್ಕೆ ಕೆಳಗಿನ ದ. ಸಾಲು ಮುಗಿಯುವ ಸಕ್ಕೆ ಮಾತ್ರ ದ ಬೇಡ, ಪಂಚಮ ಹಿಡಿಯಿರಿ. ಇಲ್ಲದಿದ್ದರೆ ಹಾಡು ಮುಗಿದಂತೆಯೇ ಇರುವುದಿಲ್ಲ.

ಒಡಹುಟ್ಟಿದವರ ದನಿ ಕೂಡುವ ಬಗೆಗೆ ಬ್ಲೂಗ್ರಾಸಿನಲ್ಲಿ ದೊಡ್ಡ ಮರ್ಯಾದೆಯಿದೆ. ಈ ಸಂಗೀತಕ್ಕೆ ಹೆಸರು ಕೊಟ್ಟ ಬಿಲ್ ಮನ್ರೋ ಮೊದಲು ಅಣ್ಣ ಚಾರ್ಲಿಯ ಜೊತೆ ಹಾಡುತ್ತಿದ್ದವರು. 1936ರಿಂದ 1938ರ ಒಳಗೆ ಇಬ್ಬರೂ ಸೇರಿ 60 ಹಾಡು ರೆಕಾರ್ಡ್ ಮಾಡಿದರು. ಸ್ಟ್ಯಾನ್ಲಿ ಸೋದರರು 1946ರಲ್ಲಿ ಶುರುಮಾಡಿದರು. ನಮ್ಮ ಕಾಲಕ್ಕೆ ಬಂದರೆ ನಿಕಲ್ ಕ್ರೀಕ್ ತಂಡದ ಶಾನ್ ಮತ್ತು ಸಾರಾ ವಾಟ್ಕಿನ್ಸ್ ಅಣ್ಣ-ತಂಗಿ. ರಕ್ತಸಂಬಂಧದಿಂದ ದನಿ ಕೂಡುತ್ತದೆ ಅನ್ನುತ್ತಾರೆ. ಒಂದೇ ಮನೆಯ ಉಚ್ಚಾರದ ಪಾಲೇ ಅದರಲ್ಲಿ ಹೆಚ್ಚು ಎಂಬುದು ನಮ್ಮ ಅನಿಸಿಕೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತವೆ, ಕೊನೆಯಕ್ಷರವನ್ನು ಎಷ್ಟು ಹೊತ್ತಾದರೂ ಎಳೆಯಬಹುದು. ಆದರೆ ಇಬ್ಬರು "ಮನೆ" ಎಂದು ಎಳೆಯುವಾಗ ಮೂರನೆಯವರು "ಮನಿ" ಎಂದರೆ ಸ್ವರಸ್ಥಾನ ಸರಿಯಿದ್ದರೂ ದನಿ ಒಡೆಯುತ್ತದೆ. ಇದನ್ನು ಪತ್ತೆಹಚ್ಚಿದವರು ಮೂರನೇ ದನಿಯ ಹುಬ್ಬಳ್ಳಿಯ ಅಣ್ಣಾವರೇ. ಪ್ರತಿ ಹಾಡಿನ ಸಾಹಿತ್ಯದಲ್ಲೂ ಸಾಲಿನ ಕೊನೆಯಕ್ಷರಕ್ಕೆ ಗೆರೆ ಎಳೆದು, ಯಾವ ಸೀಮೆಯ ಉಚ್ಚಾರ ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿಯೂ ಅವರದೇ. ತತ್ವಪದಗಳಲ್ಲಿ ನಾವೆಲ್ಲ "ಮನಿ" ಎಂದೇ ಹಾಡಿದ್ದೇವೆ. ಅಣ್ಣಾ, ನಿಮಗೆ ಶರಣು.

ಕಂಜೀರದ ಗೆಳೆಯನ ತಾಳ್ಮೆ ದೊಡ್ಡದು. ಸಾಂಪ್ರದಾಯಿಕ ಬ್ಲೂಗ್ರಾಸಿನಲ್ಲಿ ಚರ್ಮವಾದ್ಯವಿಲ್ಲ. ಬಾಸ್ ಒಂದು-ಮೂರನೇ ಎಣಿಕೆಗೆ, ಮ್ಯಾಂಡೊಲಿನ್ನಿನ ಕತ್ತರಿಸಿದಂಥ ಹೊಡೆತ ಎರಡು-ನಾಲ್ಕಕ್ಕೆ. ಕಂಜೀರವೂ ಅಲ್ಲೇ ಬಿದ್ದರೆ ಎರಡೂ ಮಸುಕಾಗುತ್ತವೆ. ಮ್ಯಾಂಡೊಲಿನ್ ತನ್ನ ಸರದಿ ನುಡಿಸಲು ಆ ಹೊಡೆತ ಬಿಟ್ಟಾಗ ಮಾತ್ರ ಕಂಜೀರ ಒಳಗೆ ಬರಲಿ ಎಂದು ಅವನೇ ಹೇಳಿದ. ಏಳೆಣಿಕೆಯ ಮಿಶ್ರಛಾಪು ತಾಳಕ್ಕೆ ಬ್ಯಾಂಜೊವನ್ನು ಹೊಂದಿಸಿದವನೂ ಅವನೇ. ಬ್ಯಾಂಜೊದ ಬೆರಳುವರಸೆ ಎಂಟು ಹೊಡೆತದ್ದು, 3+3+2. ಏಳಕ್ಕೆ 3+2+2 ಮಾಡಿ ಹೆಬ್ಬೆರಳು, ತೋರುಬೆರಳು, ನಡುಬೆರಳು, ಹೆಬ್ಬೆರಳು, ನಡುಬೆರಳು, ಮತ್ತೆ ಹೆಬ್ಬೆರಳು, ನಡುಬೆರಳು. ಒಂದೇ ಬೆರಳು ಎರಡು ಸಲ ಒಟ್ಟಿಗೆ ಬರದಿದ್ದರೆ ವೇಗ ಕೆಡುವುದಿಲ್ಲ.

ಅಮೆರಿಕದ ರಾಲಿ ಊರಿನ ವಾದ್ಯ ರಿಪೇರಿಯ ಹಿರಿಯರು ಕನ್ನಡ ಓದಲಾರರು, ಈ ಭಾಗವನ್ನು ನಾವೇ ಓದಿ ಹೇಳುತ್ತೇವೆ. ಬ್ಯಾಂಜೊದ ಮುಚ್ಚಿಗೆ (ಡೋಲಿನ ಚರ್ಮದಂಥ ಹೊದಿಕೆ) ಪ್ಲಾಸ್ಟಿಕ್ಕಿನದು, ಸುತ್ತ 24 ಕೊಕ್ಕೆ. ಒಂದನ್ನು ಬಿಗಿದರೆ ಅದರ ಎದುರಿನದನ್ನೂ ಅಷ್ಟೇ ಬಿಗಿಯಬೇಕು, ಒಮ್ಮೆಗೆ ಎಂಟನೇ ಒಂದು ಸುತ್ತು, ಹೆಚ್ಚು ಬೇಡ. ಮೃದಂಗದ ತೊಗಲಿನ ಬಾರು ಬಿಗಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹನ್ನೆರಡನೇ ಮನೆಯಲ್ಲಿ ತಂತಿ ಒತ್ತಿ ನುಡಿಸಿದ ಸ್ವರ, ಅಲ್ಲೇ ಬೆರಳು ತಾಗಿಸಿ ಬಿಟ್ಟಾಗಿನ ಸ್ವರಕ್ಕಿಂತ ಮೇಲಿದ್ದರೆ ತಂತಿಗಳನ್ನು ಹೊರುವ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಲ್ಲಿ ಗಿಟಾರಿನ ಮೇಲ್ಹಲಗೆ ಒಣಗಿ ತಗ್ಗುತ್ತದೆ, ತಂತಿ ಜುಂಯ್ ಅನ್ನತೊಡಗುತ್ತದೆ. ಕೇಸಿನೊಳಗೆ ತೇವಾಂಶ ನೂರಕ್ಕೆ 45ರಿಂದ 50 ಇರಲಿ ಎಂದು ಅವರು ಕೊಟ್ಟ ಪುಟ್ಟ ಮೀಟರ್ ಈಗ ಐದೂ ಕೇಸುಗಳಲ್ಲಿದೆ.

ಒಂದೇ ಮೈಕಿನ ಸುತ್ತ ನಿಂತು ಹಾಡುವುದನ್ನು ಕಲಿಸಿದ ಸೌಂಡ್ ಹುಡುಗರಿಗೂ ಥ್ಯಾಂಕ್ಸ್. ಬ್ಯಾಂಜೊ ಎಲ್ಲರಿಗಿಂತ ಹಿಂದೆ, ಗಿಟಾರ್ ಹತ್ತಿರ, ನಮ್ಮ ಕಡೆ ತಿರುಗಿಸಿದ ಮಾನಿಟರ್ ಸ್ಪೀಕರ್ ಪೂರ್ತಿ ಬಂದ್. ಬಂದ್ ಮಾಡದಿದ್ದರೆ ಮೈಕ್ ಕೂಗುವುದು ಖಂಡಿತ. ಯುಗಾದಿಯ ಸಭಾಂಗಣದಲ್ಲಿ ಒಂದು ಮೈಕ್ ಸಾಲದೆಂದು ಮೊದಲೇ ಅಂದಾಜು ಮಾಡಿ, ಎರಡನೆಯದನ್ನು ಕಾರಿನಲ್ಲಿ ಇಟ್ಟುಕೊಂಡು ಬಂದಿದ್ದಿರಿ. ಅದರ ಸ್ಟ್ಯಾಂಡ್ ನಮ್ಮ ಹತ್ತಿರವೇ ಉಳಿದಿದೆ, ಶನಿವಾರ ತಂದುಕೊಡುತ್ತೇವೆ.