‘ನಿಮ್ಮೂರು ಯಾವುದು?’ ಎಂದಾಗ ಮಾತು ಕೊಟ್ಟವರಿಗೆ

ಊರು ಬಿಟ್ಟು, ಕೆಲವರು ದೇಶವನ್ನೇ ಬಿಟ್ಟು, ಬೆಂಗಳೂರಿನಲ್ಲಿ ನೆಲೆ ಕಂಡವರ ಮಾತುಗಳ ನಮ್ಮ ಸಂಗ್ರಹಕ್ಕೆ ನೂರನೇ ಧ್ವನಿಮುದ್ರಣ ಸೇರಿದೆ. ಹೇಳಿದವರಿಗೆ, ಹೇಳಲು ಧೈರ್ಯ ಕೊಟ್ಟವರಿಗೆ, ಕೇಳಿ ಬರೆದವರಿಗೆ, ತಪ್ಪು ತಿದ್ದಿದವರಿಗೆ ಕೈಮುಗಿದು ನಮಸ್ಕಾರ. ಬರೀ ‘ಧನ್ಯವಾದ’ ಎಂದು ಬರೆದುಬಿಟ್ಟರೆ ಯಾರ ಪಾಲು ಏನೆಂಬುದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಮಾಡಿದ ಕೆಲಸವನ್ನೂ ಹೇಳುತ್ತಲೇ ಋಣ ನೆನೆಯುತ್ತೇವೆ.

ಮೊದಲ ಋಣ ಮಾತಾಡಿದವರದು. ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದು, ಕಟ್ಟುವ ಕಟ್ಟಡದ ಪಕ್ಕದ ಶೆಡ್ಡಿನಲ್ಲೇ ಸಂಸಾರ ಮಾಡುವವರು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ದಿನಾ ರೈಲಿನಲ್ಲಿ ಓಡಾಡಿ, ಕೊನೆಗೆ ಇಲ್ಲೇ ಬಾಡಿಗೆ ಮನೆ ಹಿಡಿದವರು. ಕರಾವಳಿಯಿಂದ ಹೋಟೆಲಿನ ಕ್ಲೀನರ್ ಕೆಲಸಕ್ಕೆ ಬಂದ ಹುಡುಗರು, ಈಗ ಅಜ್ಜಂದಿರು. ಸಿಲೋನಿನ (ಈಗಿನ ಶ್ರೀಲಂಕಾ) ತೋಟದ ತಮಿಳರಲ್ಲಿ ಹಲವರನ್ನು ಭಾರತಕ್ಕೆ ಕರೆಸಿಕೊಳ್ಳುವ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಅಲ್ಲಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ದುಡಿದವರ ಮಕ್ಕಳು. ಟಿಬೆಟ್ ಬಿಟ್ಟು ಬೈಲಕುಪ್ಪೆ ಸೇರಿದವರ ಮೊಮ್ಮಕ್ಕಳು. ಇವರ ಜೊತೆಗೆ ‘ನಾವೆಲ್ಲಿಂದಲೂ ಬಂದಿಲ್ಲ’ ಎನ್ನುವ ದಂಡಿನ (ಬ್ರಿಟಿಷರ ಸೈನ್ಯದ ನೆಲೆಯಾಗಿದ್ದ ಕಂಟೋನ್ಮೆಂಟ್) ಕಡೆಯ ತಮಿಳು ಮನೆತನಗಳೂ ಇವೆ. ದಂಡು ಶುರುವಾದದ್ದು 1809ರಲ್ಲಿ. ಅಷ್ಟು ತಲೆಮಾರು ಕಳೆದರೂ ಹೊಸ ಬಾಡಿಗೆ ಮನೆ ನೋಡಲು ಹೋದಾಗ ಅವರಿಗೂ ‘ನಿಮ್ಮೂರು ಯಾವುದು?’ ಎಂಬ ಪ್ರಶ್ನೆ ತಪ್ಪಿಲ್ಲ. ಈ ಪ್ರಶ್ನೆ ಕೇಳುವಾಗ ನಮ್ಮ ದನಿ ಹೇಗಿರಬೇಕು ಎಂದು ಕಲಿಸಿದವರೇ ಅವರು.

ಕೇಳುವ ರೀತಿ ತಿದ್ದಿದ ಹಿರಿಯರಿಗೆ ಬೇರೆಯೇ ನಮಸ್ಕಾರ ಸಲ್ಲಬೇಕು. ‘ಯಾಕೆ ಬಂದಿರಿ?’ ಎಂದರೆ ‘ಹೊಟ್ಟೆಪಾಡು’ ಎಂದು ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಬಸ್ಸು ಇಳಿದದ್ದೆಲ್ಲಿ, ಕೈಯಲ್ಲಿ ಏನಿತ್ತು, ಮೊದಲ ರಾತ್ರಿ ಮಲಗಿದ್ದೆಲ್ಲಿ, ಯಾರ ಹೆಸರು ಹೇಳಿ ದಾರಿ ಕೇಳಿದಿರಿ ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಇಸವಿಯನ್ನು ನೇರವಾಗಿ ಕೇಳಿದರೆ ಅಂದಾಜಿನಲ್ಲಿ ಹೇಳಿಬಿಡುತ್ತಾರೆ, ಆಮೇಲೆ ಅದೇ ದಾಖಲೆಯಾಗಿ ನಿಲ್ಲುತ್ತದೆ. ಅದರ ಬದಲು 1972ರ ಬರ, 1982ರ ಗೋಕಾಕ್ ಚಳವಳಿ, 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡದ್ದು, 2000ದಲ್ಲಿ ರಾಜ್‌ಕುಮಾರ್ ಅಪಹರಣ, ಇವುಗಳಿಗೆ ಮುಂಚೆಯೋ ಆಮೇಲೋ ಎಂದು ಕೇಳಿದರೆ ಕಾಲ ಹೆಚ್ಚುಕಡಿಮೆ ಸರಿಯಾಗಿ ಸಿಗುತ್ತದೆ. ಆಗ ದೊಡ್ಡ ಮಗ ಹುಟ್ಟಿದ್ದನೇ ಎಂಬುದು ಎಲ್ಲಕ್ಕಿಂತ ಗಟ್ಟಿ ಗುರುತು.

ಮಾತು ಮುಗಿಯುವ ತನಕ ಬೇಸಿಗೆಯಲ್ಲೂ ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ ತೆಗೆದು, ಕುಕ್ಕರ್ ಇಡದೆ ಕಾದ ಮನೆಯವರೆ, ನಿಮ್ಮ ಬೆವರು ಲೆಕ್ಕದಲ್ಲಿದೆ. ಬೆಂಗಳೂರಿನಲ್ಲಿ ಹೊರಗಿನ ಹಾರ್ನ್ ತಡೆಯಲಾಗದು, ಒಳಗಿನ ಗುಂಯ್‌ಗುಡುವಿಕೆ ತಡೆಯಬಹುದು. ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸುವುದು ವಾಡಿಕೆ. ಕರಿಮಣಿ ಸರ ಅಲ್ಲೇ ಆಡುವುದರಿಂದ ಹೆಂಗಸರ ಮಾತಿನ ಮೇಲೆಲ್ಲ ಕಿರಕಿರ ಸದ್ದು ಕೂರುತ್ತದೆ, ಗಂಜಿ ಹಾಕಿದ ಹತ್ತಿ ಸೀರೆಯಾದರೆ ಇನ್ನೂ ಹೆಚ್ಚು. ಸೆರಗಿನ ಅಂಚನ್ನು ಒಂದು ಮಡಿಕೆ ಮಡಿಸಿ, ಸರದಿಂದ ದೂರಕ್ಕೆ ಸಿಕ್ಕಿಸಬೇಕು. ಇದನ್ನು ತೋರಿಸಿಕೊಟ್ಟವರು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಅಕ್ಕಂದಿರು. ಮಾತು ಶುರುವಾಗುವ ಮುಂಚೆ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನೂ ಹಿಡಿದಿಡುತ್ತೇವೆ. ಆಮೇಲೆ ಸದ್ದು ಶುದ್ಧ ಮಾಡುವಾಗ ಅದು ಬೇಕೇ ಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ (ಸದ್ದನ್ನು ಹಿಂಡದೆ ಇಡುವ) ಕಡತದಲ್ಲಿ ಒಂದು ಗಂಟೆಯ ಮಾತಿಗೆ ಒಂದೇ ಮೈಕಾದರೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ. ವಾಟ್ಸ್ಯಾಪ್‌ನ ವಾಯ್ಸ್ ಮೆಸೇಜ್ ಅದನ್ನು ಹಿಂಡಿಬಿಡುತ್ತದೆ. ಅದಕ್ಕೇ ಹೇಳಿದವರಿಗೆ ಪೆನ್‌ಡ್ರೈವ್‌ನಲ್ಲಿ ಮೂಲ ಕಡತವನ್ನೇ ಕೊಡುತ್ತೇವೆ.

ಭಾಷೆಯ ನೆರವು ಕೊಟ್ಟವರ ಉಪಕಾರ ಸಣ್ಣದಲ್ಲ. ದಖನಿ, ತಮಿಳು, ತೆಲುಗು, ತುಳು, ಕೊಂಕಣಿ, ನೇಪಾಳಿ. ಅಮ್ಮ ಹತ್ತು ನಿಮಿಷ ಹೇಳಿದ್ದನ್ನು ಪಕ್ಕದಲ್ಲಿ ಕೂತ ಮಗ ‘ತುಂಬಾ ಕಷ್ಟ ಪಟ್ರಂತೆ’ ಎಂದು ಮುಗಿಸುವುದು ಸಾಮಾನ್ಯ. ಅವನ ತಪ್ಪೇನಿಲ್ಲ, ಅವನಿಗೆ ಅದು ಕೇಳಿ ಕೇಳಿ ಹಳೆಯದಾದ ಮಾತು. ಆದ್ದರಿಂದ ಅವರವರ ಭಾಷೆಯಲ್ಲೇ ಕೊನೆತನಕ ಹೇಳಲು ಬಿಟ್ಟು, ಮನೆಯವರಲ್ಲದ ಒಬ್ಬರಿಂದ ಆಮೇಲೆ ಅನುವಾದ ಮಾಡಿಸುತ್ತೇವೆ.

ಕೇಳಿ ಬರೆದವರೆ, ಒಂದು ಗಂಟೆಯ ಮಾತಿಗೆ ಆರು ಗಂಟೆ, ಶೆಡ್ಡಿನ ಗದ್ದಲದಲ್ಲಿ ಹಿಡಿದದ್ದಾದರೆ ಎಂಟು ಗಂಟೆ ಕೂತಿದ್ದೀರಿ. ‘ಬಂದೇವ್ರಿ’ ಎಂದದ್ದನ್ನು ‘ಬಂದಿದ್ದೇವೆ’ ಎಂದು ತಿದ್ದದೆ ಉಳಿಸಿದಿರಿ. ತಿದ್ದಿದ್ದರೆ ಅವರು ಯಾವ ನೆಲದಿಂದ ಬಂದವರೆಂಬ ಗುರುತೇ ಅಳಿಸಿಹೋಗುತ್ತಿತ್ತು. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದ ಪುಟಗಳು ಇನ್ನೊಬ್ಬರ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದವು. ಅವನ್ನು ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ಸರಿಪಡಿಸಿದವರಿಗೂ ನಮಸ್ಕಾರ.

ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆ ತೆರೆದು ತೋರಿಸಿದವರನ್ನು ಹೇಗೆ ಮರೆಯುವುದು? ಸೀರೆಯ ಮಡಿಕೆಯಲ್ಲಿ ರೇಷನ್ ಕಾರ್ಡು, ಕಂಪನಿಯ ಹಾಜರಿ ಚೀಟಿ, ನಾಲ್ಕು ಮೂಲೆ ತಿಂದುಹೋದ ಮದುವೆ ಫೋಟೊ. ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಬೇಕು. ಸ್ಟುಡಿಯೋದ ಮೊಹರು, ಯಾರೋ ಬರೆದ ತಾರೀಖು ಇರುವುದು ಅಲ್ಲೇ. ಹೆಸರು ಬರೆಯಬೇಕಾದರೆ ಮೆತ್ತನೆಯ ಪೆನ್ಸಿಲ್ ಸಾಕು. ಬಾಲ್‌ಪೆನ್ ಒತ್ತಿದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ. ಅಂಟು ಹಾಳೆಯ ಆಲ್ಬಮಿನಿಂದ ಫೋಟೊ ಕೀಳಬೇಡಿ, ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಿ. ಹಳೆಯ ಕಾಗದಕ್ಕೆ ದಯವಿಟ್ಟು ಲ್ಯಾಮಿನೇಷನ್ ಬೇಡ, ಒಮ್ಮೆ ಮಾಡಿಸಿದರೆ ಮತ್ತೆ ಬಿಡಿಸಲಾಗದು.

ನಮ್ಮ ಮೇಲೆ ನಂಬಿಕೆ ಇಟ್ಟದ್ದಕ್ಕೆ ಉತ್ತರವಾಗಿ ಒಪ್ಪಿಗೆಯನ್ನು ಎರಡು ಸಲ ಕೇಳುತ್ತೇವೆ. ಮಾತಿಗೆ ಮುಂಚೆ ಒಮ್ಮೆ, ಮಾತನ್ನು ಅವರಿಗೇ ಕೇಳಿಸಿದ ಮೇಲೆ ಇನ್ನೊಮ್ಮೆ. ಓದಲು ಬಾರದವರಿಗೆ ಅವರ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತೇವೆ. ಹೆಸರು ಹಾಕಲೇ, ಬದಲಿಸಲೇ, ಊರಿನ ಹೆಸರೂ ಬೇಡವೇ, ಪೂರ್ತಿ ಎಲ್ಲರಿಗೂ ಕೇಳಿಸಲೇ, ಮನೆಯವರಿಗೆ ಮಾತ್ರವೇ? ಮೇಸ್ತ್ರಿಯ ಹೆಸರು, ಮನೆ ಮಾಲೀಕರ ಹೆಸರು ಹೊರಗೆ ಬಂದರೆ ಕೂಲಿಯೋ ಮನೆಯೋ ಕೈತಪ್ಪಬಹುದು. ಅಂಥ ಕಡೆ ಕೇಳುವ ಪ್ರತಿಯಲ್ಲಿ ಸದ್ದು ಕತ್ತರಿಸಿರುತ್ತದೆ. ಮೈಕು ತೆಗೆದು ಚಹಾ ಬಂದ ಮೇಲೆ ಎಷ್ಟೋ ಸಲ ನಿಜವಾದ ಮಾತು ಹೊರಬರುತ್ತದೆ. ಅದನ್ನು ನೆನಪಿನಿಂದ ಬರೆದುಕೊಳ್ಳುವುದಿಲ್ಲ. ‘ಇದನ್ನೂ ಸೇರಿಸಲೇ?’ ಎಂದು ಕೇಳುತ್ತೇವೆ, ಬೇಡ ಎಂದರೆ ಅಲ್ಲಿಗೇ ಬಿಡುತ್ತೇವೆ.

ಎರಡನೇ ಸಲ ಕೇಳಿದಾಗ ‘ಬೇಡ, ತೆಗೆದುಬಿಡಿ’ ಎಂದವರೂ ಇದ್ದಾರೆ. ಅವರಿಗೂ ಇಷ್ಟೇ ಕೃತಜ್ಞತೆ. ಪ್ರತಿ ಮುದ್ರಣದ ಮೂರು ಪ್ರತಿಗಳಿರುತ್ತವೆ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಇನ್ನೊಂದು ಬಡಾವಣೆಯ ಮನೆಯಲ್ಲಿ. ಬೇಡ ಎಂದವರ ಮಾತನ್ನು ಮೂರೂ ಕಡೆಯಿಂದ ಅಳಿಸಿ, ಅಳಿಸಿದ್ದನ್ನು ಅವರಿಗೆ ತೋರಿಸಿ ಬಂದಿದ್ದೇವೆ. ಅವರ ಮುದ್ರಣಗಳ ಕ್ರಮಸಂಖ್ಯೆಗಳನ್ನು ಬೇರೆಯವರಿಗೆ ಕೊಟ್ಟಿಲ್ಲ. ಪಟ್ಟಿಯಲ್ಲಿ ಅವರ ಸಾಲು ಖಾಲಿಯಾಗಿಯೇ ಇದೆ.